ಕಾದ ತಲೆಯೊಂದಿಗೆ ಎರಡು ಮಾತು

ಕೊಕ್ಕನೂರಿನ ಗೌಡರೊಬ್ಬರ ಕಾರಿನ ಸಿಲಿಂಡರ್ ಹೆಡ್ ಸದ್ಯ ಹರಿಹರದ ಲೇತ್ ಅಂಗಡಿಯೊಂದರಲ್ಲಿ ದಾಖಲಾಗಿದೆ. ಜಾತಿ ಅಲ್ಯೂಮಿನಿಯಂ, ಸ್ಥಿತಿ ಚಿಂತಾಜನಕ. ಗೋಣಿಚೀಲದ ಮೇಲೆ ಮಲಗಿಕೊಂಡೇ ಮಾತಿಗೆ ಒಪ್ಪಿತು.

ಏನಾಯ್ತು ಸ್ವಾಮಿ?

ಆಗೋದೇನ್ರಿ, ಗೌಡ್ರು ಮಗಳ ಲಗ್ನಪತ್ರಿಕೆ ಹಂಚಾಕ ದಾವಣಗೆರೆಗೆ ಹೊಂಟಿದ್ರು. ರೇಡಿಯೇಟರ್ ಪೈಪು ಸೋರ್ತಿತ್ತು, ಮುಳ್ಳು ಕೆಂಪಿಗೆ ಬಂತು. ‘ಊರು ಬಂದೇಬಿಡ್ತಲ್ಲ, ಬೆಣ್ಣೆದೋಸೆ ತಿನ್ನೋ ಹೊತ್ತಿಗೆ ತಣ್ಣಗಾಗ್ತೈತಿ’ ಅಂದ್ರು. ಅವ್ರು ದೋಸೆ ತಿಂದ್ರು, ನಾ ಸೊಟ್ಟಾದೆ.

ಹಳೇ ಬೀಡು ಕಬ್ಬಿಣದ ಹೆಡ್ ಆಗಿದ್ರೆ ತಡೀತಿತ್ತು ಅಂತಾರೆ ಗೌಡರು.

ಮೈಲೇಜ್ ಬೇಕು ಅಂದೋರೂ ಅವ್ರೇ ಅಲ್ಲೇನ್ರಿ? ಹಗುರ ಇದೀನಿ ಅಂತ ನನ್ನ ತಂದ್ರು. ಕಾದ್ರ ನಾ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ತೀನಿ. ಬೋಲ್ಟ್ ಹಾಕಿ ಬಿಗದಿರ್ತಾರ, ಹಿಗ್ಗಾಕ ಜಾಗ ಎಲ್ಲೈತಿ? ಮೈ ಬಿರುಕು ಬಿಡ್ತು, ಗ್ಯಾಸ್ಕೆಟ್ ಹೋತು, ನೀರು ಆಯಿಲಿಗೆ ಇಳೀತು. ಆಯಿಲ್ ಬೆಳ್ಳಗಾಗಿದ್ದು ಕಂಡು ಗೌಡ್ರು ಕಲಬೆರಕೆ ಅಂತ ಅಂಗಡಿಯವನ ಜೊತೆ ಜಗಳ ತೆಗದ್ರು!

ಬಿರುಕಿಗೆ ಏನೋ ಮೆತ್ತಿದ್ದಾರಲ್ಲ?

ಎಂಸೀಲ್ ರೀ. ಗೌಡ್ರಿಗೆ ಅಳಿಯ ಆಗೋನು ಮೊಬೈಲ್ ನೋಡಿ ಹಚ್ಚಿದ್ದು. ನಲ್ಲಿ ಪೈಪಿಗೆ ಸರಿ, ಒಳಗ ಬೆಂಕಿ ಉರಿಯೋ ಜಾಗಕ್ಕ ನಿಲ್ತೈತಾ?

ವೆಲ್ಡಿಂಗ್ ಮಾಡಿದರಾಯ್ತಲ್ಲ?

ಅಲ್ಲೇ ಐತಿ ನೋಡ್ರಿ ಕಥಿ. ಕಬ್ಬಿಣ ಕಾದ್ರ ಕೆಂಪಾಗಿ ಎಚ್ಚರಿಸ್ತೈತಿ. ನಾ ಬಣ್ಣ ಬದಲಾಯಿಸೋ ಪೈಕಿ ಅಲ್ಲ (ರಾಜಕೀಯಕ್ಕೆ ಇದು ನಾಲಾಯಕ್ಕು ಎಂದು ಬರೆದುಕೊಂಡೆ). 660 ಡಿಗ್ರಿ ಮುಟ್ಟೋದ್ರೊಳಗ ಹೇಳದೆ ಕೇಳದೆ ಕರಗಿ ಕುಸೀತೀನಿ. ಮೈಮೇಲಿನ ಆಕ್ಸೈಡ್ ಪೊರೆ ಕರಗಾಕ ಮಾತ್ರ 2000 ಡಿಗ್ರಿ ದಾಟ್ಬೇಕು. ಅದಕ್ಕ ಎ.ಸಿ. ಕರೆಂಟಿನ ಆರ್ಗಾನ್ ವೆಲ್ಡಿಂಗ್: ಕರೆಂಟು ಪೊರೆ ಒಡೀತೈತಿ, ಆರ್ಗಾನ್ ಗಾಳಿ ತಾಗದಂಗ ಕಾಯ್ತೈತಿ. ಮಿಸ್ತ್ರಿ ಮೊದಲು ಬಿರುಕನ್ನ ಬುಡದ ತನಕ ಕೊರೆದ. ವರ್ಷಗಟ್ಟಲೆ ಕುಡಿದ ಎಣ್ಣಿ ಹೋಗ್ಲಿ ಅಂತ ತೊಳೆದ, ಕಾಯಿಸಿದ. ಬೆಸೆದ ಮ್ಯಾಲೆ ನಿಧಾನ ಆರಾಕ ಬಿಟ್ಟ. ಈಗ ಉಕ್ಕಿನ ಪಟ್ಟಿ ಇಟ್ಟು, ಕೆಳಗ ಸಂದಿ ಅಳೆಯೋ ಫೀಲರ್ ಗೇಜ್ ತೂರಸ್ತಾನ. ನೋಟ್‌ಬುಕ್ ಹಾಳಿಯಷ್ಟು ಸಂದಿ ಇದ್ರೂ ನಾ ಫೇಲು. ಆಮ್ಯಾಲೆ ಮೈ ಹೆರೆದು ಸಪಾಟು ಮಾಡೋ ಫೇಸಿಂಗ್. ಅದೂ ಅತಿಯಾದ್ರ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡೀತೈತಿ.

ಇಷ್ಟು ನಾಜೂಕಿನ ಕೆಲಸ ಈ ಊರಲ್ಲಿ?

ಹರಿಹರಕ್ಕ ಬಂದು ಇದನ್ನ ಕೇಳ್ತೀರಲ್ರಿ! 1941ರಾಗ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ದೇಶಕ್ಕ ಲೇತ್ ಕೊಟ್ಟಿದ್ದು ಇಲ್ಲಿಂದನ. ಅದು ಬಾಗಿಲು ಹಾಕಿ ಇಪ್ಪತ್ತು ವರ್ಷ ದಾಟೇತಿ. ಕಸುಬು ಇಂಥ ಸಣ್ಣ ಸಣ್ಣ ಶೆಡ್ಡಿನಾಗ ಉಳದೈತಿ, ಸರ್ಕಾರದ ಯಾವ ಯೋಜನೆಗೂ ಕಾಯದೆ.

ಕಾರಿನವರಿಗೆ ಏನಾದರೂ ಹೇಳುವುದು?

ಬೋರಿನ ನೀರು ಬ್ಯಾಡ, ಸುಣ್ಣ ಕಟ್ತೈತಿ, ಕೂಲೆಂಟ್ ಹಾಕ್ರಿ. ಮುಳ್ಳು ಮ್ಯಾಲೇರಿದ್ರ ಗಾಡಿ ಬದಿಗೆ ಹಾಕಿ ಇಂಜಿನ್ ಆರಸ್ರಿ. ಬಿಸಿ ಇದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೀಬ್ಯಾಡ್ರಿ, ಮುಖ ಸುಟ್ಟೀತು. ಅದಕ್ಕ ಹರಿಹರದಾಗ ವೆಲ್ಡಿಂಗ್ ಇಲ್ರಿ.