ಗುಮ್ಮಟ ಹಿಡಿದವರು

ಇವರು ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿದರೂ ಇವರ ನಿಜವಾದ ಉದ್ಯೋಗ ಶುರುವಾಗುವುದು ರಾತ್ರಿ, ಮಗಳು ಹಾಸಿಗೆಯಿಂದ "ಅಪ್ಪಾ, ನಾಳೆ ಗೋಳಗುಮ್ಮಟ ತಗೊಂಡು ಹೋಗ್ಬೇಕು" ಎಂದು ಉಸುರಿ ಆ ಕಡೆ ಹೊರಳಿಕೊಂಡಾಗ.

ಮನೆಯ ಇದ್ದಬದ್ದ ರಟ್ಟೆಲ್ಲ ಹಾಲಿಗೆ ಬರುತ್ತದೆ. ಗೋಡೆಗಳದ್ದೇನೂ ತಕರಾರಿಲ್ಲ, ಅಂಚಿಗೆ ನಾಲ್ಕು ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೆ ಸುಮ್ಮನಿರುತ್ತವೆ. ಮೂಲೆಯ ಎಂಟು ಮಗ್ಗುಲಿನ ಗೋಪುರಗಳಿಗೆ ರಬ್ಬರ್ ಬ್ಯಾಂಡ್ ಸಾಕು. ಸತಾಯಿಸುವುದು ಗುಮ್ಮಟ. ಡ್ರಾಯಿಂಗ್ ಶೀಟಿನ ಎಸಳುಗಳನ್ನು ಬಾಗಿಸಿ ಒಂದಕ್ಕೊಂದು ಅಂಟಿಸಬೇಕು, ಆ ಕಾಗದಕ್ಕೋ ಮತ್ತೆ ನೆಟ್ಟಗಾಗುವ ಹಟ. ಕ್ಲಿಪ್ಪು ಜಾರುತ್ತದೆ. ರಬ್ಬರ್ ಬ್ಯಾಂಡ್ ಹಾಕಿದರೆ ನಡು ಕುಸಿಯುತ್ತದೆ. ಕೊನೆಗೆ ಇವರು ಹತ್ತು ಬೆರಳನ್ನೂ ಒಡ್ಡಿ ಕೂತುಬಿಡುತ್ತಾರೆ.

ಫೆವಿಕಾಲ್ ಬಿಗಿಯುವುದು ಅದರ ನೀರು ಕಾಗದಕ್ಕೂ ಗಾಳಿಗೂ ಹೋದ ಮೇಲೆ. ತೆಳ್ಳಗೆ ಸವರಿ ಅಲ್ಲಾಡಿಸದೆ ಹಿಡಿದರೆ ಬೇಗ ಕಚ್ಚುತ್ತದೆ. ಇವರಿಂದ ಎರಡೂ ಆಗದು. ಹೋಳಿಗೆಗೆ ತುಪ್ಪ ಬಡಿಸಿದಂತೆ ಅಂಟು ಸುರಿಯುತ್ತಾರೆ. ನಿಮಿಷಕ್ಕೊಮ್ಮೆ ಬೆರಳೆತ್ತಿ ಇಣುಕುತ್ತಾರೆ. ಬಾಯಿಬಿಟ್ಟ ಎಸಳನ್ನು ಮತ್ತೆ ಅದುಮುತ್ತಾರೆ. ಮೂಗು ತುರಿಸುವುದೂ ಇದೇ ಹೊತ್ತಿಗೆ.

"ಏನೂಂದ್ರೆ, ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಅಂಟಿಸಬಾರದಾ?"

"ಬಟ್ಟಲಿಗೇ ಅಂಟಿಕೊಂಡ್ರೆ?"

"ಮೇಲೊಂದು ಪ್ಲಾಸ್ಟಿಕ್ ಕವರ್ ಹೊದಿಸಿ."

ಇದಕ್ಕೆ ಇವರಲ್ಲಿ ಉತ್ತರವಿಲ್ಲ, ಉಪನ್ಯಾಸವಿದೆ. "ಮಹಮ್ಮದ್ ಆದಿಲ್ ಶಾಹನ ಗುಮ್ಮಟ ಹೊರಗಿಂದ ಹತ್ತಿರ ಹತ್ತಿರ 44 ಮೀಟರ್ ಅಗಲ ಕಣೇ! ನಡುವೆ ಒಂದು ಕಂಬ ಇಲ್ಲ! 1656ರಿಂದ ನಿಂತಿದೆ!"

"ಅಲ್ಲಿ ಹೊರೋಕೆ ಕಮಾನುಗಳಿವೆ. ಇಲ್ಲಿ ನೀವೊಬ್ಬರೇ."

ಮಗು ಕೈಯಾರೆ ಮಾಡಿ ಕಲಿಯಲಿ ಎಂಬುದು ಮಿಸ್ಸಿನ ಆಸೆ. ಮಗು ಮಾಡಿದ್ದರೆ ಗುಮ್ಮಟ ಸೊಟ್ಟಗಾಗುತ್ತಿತ್ತು, ನಿಜ. ಈಗಲೂ ಸೊಟ್ಟಗೇ ಇದೆ; ಆದರೆ ಇದು ಬಿಇ ಓದಿದವರ ಸೊಟ್ಟು. ಮಗು ಗೊರಕೆ ಹೊಡೆಯುತ್ತಿದೆ. ಹೆಂಡತಿಯೂ ದೀಪ ಆರಿಸಿ ಮಲಗುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ಏನೋ ಠಣ್ಣೆಂದ ಸದ್ದು.

ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ತಾಜಮಹಲು ಹಿಡಿದವರು, ಜ್ವಾಲಾಮುಖಿ ಹೊತ್ತವರು, ಎಲ್ಲರ ಕಣ್ಣೂ ಕೆಂಪು. ಕೈ ಬಿಡುವಿಲ್ಲದ್ದರಿಂದ ಗದ್ದದಲ್ಲೇ ನಮಸ್ಕಾರ.

"ಇಷ್ಟು ಗುಂಡಗೆ ಹೇಗೆ ಬಂತು ಸಾರ್?" ತಾಜಮಹಲಿನವರು ಕೇಳುತ್ತಾರೆ.

"ಬಟ್ಟಲು ಬೋರಲು ಹಾಕೋದು, ಮೇಲೊಂದು ಪ್ಲಾಸ್ಟಿಕ್ ಕವರ್," ಎನ್ನುತ್ತಾರೆ ಇವರು. "ನಂದೇ ಐಡಿಯಾ."