ನರಸಿಂಹನಿಗೊಂದು ಲೆನ್ಸು

ಮೈಸೂರಿನ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ, ಕಿರುಬೆರಳ ಉಗುರಿನ ಮೇಲೆ ಕೂರಬಲ್ಲ ಕಂಠೀರಾಯಿ ಹಣದಲ್ಲಿರುವ ನರಸಿಂಹನು ಪ್ರಹ್ಲಾದನಿಗೆ ಕರೆದೊಡನೆ ಒಲಿದನಾದರೂ ಛಾಯಾಗ್ರಾಹಕರಿಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಸೆನ್ಸರಿನ ಮೇಲೆ ಬಿಂಬವು ವಸ್ತುವಿನಷ್ಟೇ ದೊಡ್ಡದಾಗಿ ಬಿದ್ದರೆ ಅದು ಒಂದು ಪಟ್ಟು ವರ್ಧನೆ. ಸಾಧಾರಣ ಮ್ಯಾಕ್ರೋ ಲೆನ್ಸುಗಳು ಅಲ್ಲಿಗೇ ಕೈಚೆಲ್ಲುವುದರಿಂದ, ಐದು ಪಟ್ಟು ಹಿಗ್ಗಿಸುವ ಕ್ಯಾನನ್ ಎಂಪಿ-ಇ 65 ಮಿ.ಮೀ. ಲೆನ್ಸಿನತ್ತ ಆಸೆಯ ಕಣ್ಣು ಹೊರಳುತ್ತದೆ. ಆದರೆ ಅಷ್ಟು ಹಿಗ್ಗಿಸಿದಾಗ ಲೆನ್ಸಿನ ಮೂತಿಗೂ ನಾಣ್ಯಕ್ಕೂ ನಡುವೆ ಸುಮಾರು 4 ಸೆಂ.ಮೀ. ಮಾತ್ರ ಉಳಿದು ಬೆಳಕು ತಲೆ ತಗ್ಗಿಸಿ ನುಸುಳಬೇಕಾಗುತ್ತದೆ, ಎಫ್/2.8 ಎಂದು ಬೀಗುವ ದ್ವಾರವೂ ಆರುಪಟ್ಟು ಕಿರಿದಾದಂತೆ, ಸುಮಾರು ಎಫ್/17ರ ಹಾಗೆ ವರ್ತಿಸುತ್ತದೆ. ಚಿಕ್ಕ ನೆಗೆಟಿವನ್ನು ದೊಡ್ಡ ಕಾಗದಕ್ಕೆ ಬೆಳೆಸಲೆಂದೇ ಹುಟ್ಟಿದ ಹಳೆಯ ಎನ್ಲಾರ್ಜರ್ ಲೆನ್ಸನ್ನು ತಿರುವಿ, ಕ್ಯಾಮೆರಾದ ಮುಂದೆ ತಿದಿಯಂತೆ ಹಿಗ್ಗಿ ಕುಗ್ಗುವ ಬೆಲ್ಲೋಸಿಗೆ ಜೋಡಿಸುವುದು ಅಗ್ಗವೂ ಹೌದು, ಜಾಣತನವೂ ಹೌದು. ಆದರೂ ಸಂಗ್ರಾಹಕರು ದುಬಾರಿಯದನ್ನೇ ಕೊಳ್ಳುತ್ತಾರೆ; ಮನೆಯಲ್ಲಿ ಬೆಲೆ ಹೇಳುವಾಗ ಮಾತ್ರ ವರ್ಧನೆ ತಿರುಗುಮುರುಗಾಗುತ್ತದೆ.