ವೇಷ ಕಳಚುವ ಮುನ್ನ ಓದಿ

ಈ ಕೈಪಿಡಿ ಯಾರಿಗೆ? ಒಂದು ದಿನ ಗಂಡಾಗಿ, ಇನ್ನೊಂದು ದಿನ ಹೆಣ್ಣಾಗಿ, ಮೂರನೇ ದಿನ ಎರಡರ ಗೊಡವೆಯೂ ಬೇಡವೆಂದು ಏಳುವವರಿಗೆ. ಜೆಂಡರ್ ಫ್ಲೂಯಿಡ್ ಅನ್ನುತ್ತಾರಲ್ಲ, ಅವರಿಗೆ. ಜೊತೆಗೆ ಶಿವಮೊಗ್ಗ, ಭದ್ರಾವತಿಯಲ್ಲಿ ಮೈಕು ಹಿಡಿದು ನಗಿಸುವ ಚಟವೂ ಇರಬೇಕು.

ಎಚ್ಚರಿಕೆ: ಕೂಡ್ಲಿ ಜೋಕು ಬೇಡ. ತುಂಗೆ, ಭದ್ರೆ ಸೇರಿದ ಮೇಲೆ ಯಾವ ನೀರು ಯಾರದೆಂದು ಕೇಳುವವರಿಲ್ಲ ಅನ್ನುವುದು ಈ ಜಿಲ್ಲೆಯಲ್ಲಿ ಹುಟ್ಟಿದ ಎಲ್ಲರಿಗೂ ಹೊಳೆದಿದೆ.

ಜೋಡಿಸುವ ವಿಧಾನ: ಮೊದಲು ವ್ಯಾಕರಣ. ಕನ್ನಡ ನಿಮ್ಮ ಪಕ್ಷ. ಹಿಂದಿಯವರು 'ನಾನು ಹೋದೆ' ಅನ್ನುವಷ್ಟರಲ್ಲೇ ಗಂಡೋ ಹೆಣ್ಣೋ ಬಯಲಾಗುತ್ತದೆ. ಕನ್ನಡದಲ್ಲಿ ನೀವು ಹುಟ್ಟಿದೆ, ಬೆಳೆದೆ, ಅಪ್ಪನ ಕೈಲಿ ಒದೆ ತಿಂದೆ ಅಂತ ಇಡೀ ಬದುಕು ಹೇಳಿ ಮುಗಿಸಿದರೂ ಕ್ರಿಯಾಪದ ಗುಟ್ಟು ಬಿಡುವುದಿಲ್ಲ. ತಕರಾರು ಶುರುವಾಗುವುದು ಪಕ್ಕದ ಮನೆಯವರು ಬಾಯಿ ತೆರೆದಾಗ: 'ಬಂದ', ಅಲ್ಲಲ್ಲ, 'ಬಂದ್ಳು'. 'ಬಂದ್ರು' ಅಂದುಬಿಟ್ಟರೆ ಆಯಿತು. ಇಂಗ್ಲಿಷಿನವರು ಸರ್ವನಾಮಕ್ಕಾಗಿ ಕಾದಾಡುತ್ತಿದ್ದಾರೆ. ನಮ್ಮ ಅಜ್ಜಿಯರು ಶಾಲೆ ಮೇಷ್ಟ್ರಿಗೂ ಟೀಚರಮ್ಮನಿಗೂ ಒಂದೇ 'ಬಂದ್ರು' ಹಾಕಿ ಕಾಫಿಗೆ ನೀರಿಟ್ಟವರು.

ಹಿಂದಿನ ಸಾಲಿನಿಂದ ಒಬ್ಬ ಕೂಗಿಯೇ ಕೂಗುತ್ತಾನೆ: 'ನೀನು ಮಾರಾಯನಾ, ಮಾರಾಯ್ತಿಯಾ?' ಗಾಬರಿ ಬೇಡ. 'ಮಾರಾಯ್ರೆ ಅನ್ನಿ. ನನಗೂ ಮರ್ಯಾದೆ, ನಿಮಗೂ ತಲೆಬಿಸಿ ಇಲ್ಲ.' ಮಲೆನಾಡಿನಲ್ಲಿ ಇದು ಕೆಲಸ ಮಾಡುತ್ತದೆ. ಭದ್ರಾವತಿಗೆ ತಮಿಳು, ಉರ್ದುವಿನ ಪ್ರತಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ, ಕಾರ್ಖಾನೆ ಊರು. ಬ್ರಿಟನ್ನಿನ ಎಡ್ಡಿ ಇಜ಼ಾರ್ಡ್ ಫ್ರಾಕು, ಲಿಪ್‌ಸ್ಟಿಕ್ ಹಾಕಿಕೊಂಡೇ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ನಲ್ಲೂ ನಗಿಸಿದವರು. ಅವರು 2016ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 27 ದಿನಕ್ಕೆ 27 ಮ್ಯಾರಥಾನ್ ಓಡಿದರು. ಅದು ನಿಮಗೆ ಕಡ್ಡಾಯವಲ್ಲ.

ಟೈಮಿಂಗ್ ಕಲಿಯಲು ಅಷ್ಟು ದೂರ ಹೋಗಬೇಕಿಲ್ಲ. ಬಳ್ಳಾರಿ ಕಡೆಯ ಕಲ್ಲುಕಂಬದ ಮಂಜಮ್ಮ ಜೋಗತಿ ಇದ್ದಾರೆ. ಜೋಗತಿ ನೃತ್ಯ ಕುಣಿಯುತ್ತಾ ಬಂದವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿ ಕೋವಿಂದರ ಎದುರು ನಿಂತು, ಸೆರಗು ಹಿಡಿದು ದೃಷ್ಟಿ ತೆಗೆದರು. ಒಂದು ಮಾತಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಶಿಷ್ಟಾಚಾರದ ಪಟ್ಟಿಯಲ್ಲಿ ದೃಷ್ಟಿ ತೆಗೆಯುವ ಬಾಬತ್ತು ಇರಲಾರದು. ಅದು ಜೋಕಲ್ಲ, ಹರಕೆ. ಹಾಗಾಗಿ ನಕಲು ಮಾಡಬೇಡಿ. ಆ ಕ್ಷಣ ಹಿಡಿದದ್ದು ಹೇಗೆಂದು ಮಾತ್ರ ನೋಡಿಕೊಳ್ಳಿ.

ಸ್ವಚ್ಛಗೊಳಿಸುವಿಕೆ: ಯಕ್ಷಗಾನದಲ್ಲಿ ರಾತ್ರಿಯಿಡೀ ದ್ರೌಪದಿಗೆ ಕಣ್ಣೀರಿಟ್ಟ ಜನ, ಬೆಳಗಿನ ಜಾವ ಚೌಕಿಯಲ್ಲಿ ಅದೇ ದ್ರೌಪದಿ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿ, ಲುಂಗಿ ಸುತ್ತಿ ಬೀಡಿ ಹಚ್ಚಿದ್ದನ್ನು ಕಂಡು 'ಎಂಥಾ ಕಲಾವಿದ!' ಅಂದಿದ್ದಾರೆ. ಸೀರೆಯ ಬಗ್ಗೆ ಅವರಿಗೆ ತಕರಾರಿಲ್ಲ. ತಕರಾರು ಬಣ್ಣ ಹೋಗದಿದ್ದರೆ.

ಸಾಗಣೆ: ಶೋ ಮುಗಿಸಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೊರಟಿರಾ? ಖಾಸಗಿ ಬಸ್ಸು ಸಲೀಸು, ಎಲ್ಲರೂ ದುಡ್ಡು ಕೊಡಬೇಕು. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ. ಕಂಡಕ್ಟರ್ ಅರ್ಧ ಒರೆಸಿದ ಲಿಪ್‌ಸ್ಟಿಕ್ ನೋಡುತ್ತಾರೆ, ಆಧಾರ್‌ನ ಮೀಸೆ ನೋಡುತ್ತಾರೆ, ಮೆಷಿನ್ ಮೇಲೆ ಬೆರಳು ನಿಲ್ಲುತ್ತದೆ. 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಚೀಟಿ ಇದ್ದರೆ ತೋರಿಸಬಹುದು. ಅದರಲ್ಲೂ 'ಇವತ್ತು' ಅನ್ನುವ ಕಾಲಂ ಇಲ್ಲ.

'ಎಂಥ ಕೊಡ್ಲಿ? ಜೀರೋನಾ, ದುಡ್ಡಾ?'

ಇಲ್ಲಿ ಜೋಕು ಹೊಡೆಯಬೇಡಿ, ಹಿಂದೆ ಜನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದಾರೆ. ಚಿಲ್ಲರೆ ಕೊಟ್ಟು ಸೀಟು ಹುಡುಕಿ. ಖಾಲಿ ಇರುವ ಒಂದೇ ಸೀಟಿನ ಮೇಲೆ 'ಮಹಿಳೆಯರಿಗೆ' ಅಂತ ಬರೆದಿದ್ದರೆ, ದಯವಿಟ್ಟು ಒಂದನೇ ಪುಟಕ್ಕೆ ಹಿಂತಿರುಗಿ.